ಮೊಣಕಾಲುದ್ದ ನೀರಿನಲ್ಲಿ ಕಡಲ ಮೀನು: ದಂಡೆಯಲ್ಲಿ ನಿಂತು ಫ್ಲೈ ಗಾಳ ಹಾಕುವುದೆಂದರೇನು?

ಆಗಸ್ಟ್ ತಿಂಗಳಲ್ಲಿ ಅಮೆರಿಕದ ಸಿಯಾಟಲ್ ಸುತ್ತಲಿನ ಕಡಲ ದಂಡೆಗೆ ಬೆಳಗಿನ ಜಾವ ಹೋದರೆ ವಿಚಿತ್ರ ನೋಟವೊಂದು ಎದುರಾಗುತ್ತದೆ. ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಎದೆಯವರೆಗೆ ಬರುವ, ನೀರು ಇಳಿಯದ ಉಡುಪು ತೊಟ್ಟವರು ತಣ್ಣೀರಿನಲ್ಲಿ ಸಾಲಾಗಿ ನಿಂತು, ಬಾರುಕೋಲು ಬೀಸಿದ ಹಾಗೆ ಹಿಂದಕ್ಕೂ ಮುಂದಕ್ಕೂ ದಾರ ಬೀಸುತ್ತಿರುತ್ತಾರೆ. ದೋಣಿಯಿಲ್ಲ, ಬಲೆಯಿಲ್ಲ. ಕೂದಲು, ನೂಲು ಸುತ್ತಿದ ಹಗುರ ಕೊಕ್ಕೆಯನ್ನು ಹೀಗೆ ಬೀಸಿ ಎಸೆಯುವುದೇ ಫ್ಲೈ ಗಾಳ. ವರ್ಷದ ಸಂಖ್ಯೆ ಬೆಸವಾಗಿದ್ದರೆ, ಅಂದರೆ 2023, 2025ರ ಹಾಗೆ, ಸಾಲು ಇನ್ನೂ ಉದ್ದ. ಕೆಲಸಕ್ಕೋ ಓದಿಗೋ ಆ ಕಡೆ ಹೋಗಿ ನೆಲೆಸಿದವರಿಗೆ, ಇವರು ಇಲ್ಲೇನು ಹಿಡಿಯುತ್ತಿದ್ದಾರೆ, ಬೆಸ ವರ್ಷಕ್ಕೂ ಮೀನಿಗೂ ಏನು ನಂಟು ಎಂಬ ಪ್ರಶ್ನೆ ಹುಟ್ಟುವುದು ಸಹಜ.

ಉತ್ತರ ಇರುವುದು ಮೀನಿನ ಬದುಕಿನಲ್ಲಿ. ಗಾಳದ ಕೋಲಿನ ಮಾತು ಆಮೇಲೆ.

ಮೊದಲು ಹೆಸರುಗಳ ಸಿಕ್ಕು ಬಿಡಿಸೋಣ

ಈ ದಂಡೆಗಳಿರುವುದು ವಾಷಿಂಗ್ಟನ್ ರಾಜ್ಯದ ಪ್ಯುಜೆಟ್ ಸೌಂಡ್ ಎಂಬಲ್ಲಿ. ಇಲ್ಲಿ ‘ಸೌಂಡ್’ ಎಂದರೆ ಸದ್ದಲ್ಲ. ನೆಲದೊಳಕ್ಕೆ ಚಾಚಿಕೊಂಡ ಕಡಲಿನ ತೋಳು. ಹಿಮಯುಗದ ಹಿಮನದಿಗಳು ಕೊರೆದುಹೋದ ಆಳವಾದ ಕಾಲುವೆಗಳಲ್ಲಿ ಪೆಸಿಫಿಕ್ ಸಾಗರದ ನೀರು ತುಂಬಿ ಇದಾಯಿತು. 1792ರಲ್ಲಿ ಇಲ್ಲಿಗೆ ಬಂದ ಜಾರ್ಜ್ ವ್ಯಾಂಕೂವರ್ ತನ್ನ ಹಡಗಿನ ಅಧಿಕಾರಿ ಪೀಟರ್ ಪ್ಯುಜೆಟ್‌ನ ಹೆಸರನ್ನು ಇದಕ್ಕಿಟ್ಟ. ತೆರೆದ ಸಾಗರದ ಹೆದ್ದೆರೆಗಳು ಇಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿಯೇ ಮನುಷ್ಯರು ನೀರಿಗಿಳಿದು ನಿಂತು ಗಾಳ ಹಾಕಬಹುದು.

ಇನ್ನು ಮೀನು. ಇಲ್ಲಿ ಹಿಡಿಯುವುದು ಟ್ರೌಟ್ ಮತ್ತು ಸಾಲ್ಮನ್, ಎರಡೂ ಒಂದೇ ಕುಟುಂಬದವು. ಇಲ್ಲಿನ ಟ್ರೌಟ್‌ಗೆ ಕಟ್‌ಥ್ರೋಟ್ ಎಂದು ಹೆಸರು. ಕೆಳದವಡೆಯ ಅಡಿಯಲ್ಲಿ ಕೆಂಪು ಗೀರೊಂದಿದ್ದು, ಕತ್ತು ಕೊಯ್ದಂತೆ ಕಾಣುತ್ತದೆ. ವಿಜ್ಞಾನದ ಹೆಸರು ಆಂಕೊರಿಂಕಸ್ ಕ್ಲಾರ್ಕೈ. 1804-06ರಲ್ಲಿ ಮೆರಿವೆದರ್ ಲೂಯಿಸ್ ಜೊತೆಗೂಡಿ ಉತ್ತರ ಅಮೆರಿಕ ಖಂಡ ದಾಟಿದ ಅನ್ವೇಷಕ ವಿಲಿಯಂ ಕ್ಲಾರ್ಕ್ ನೆನಪಿಗೆ ಇಟ್ಟದ್ದು. ಯುರೋಪಿನ ಕಂದು ಟ್ರೌಟ್‌ಗಿಂತ ಈ ಮೀನು ಪೆಸಿಫಿಕ್ ಸಾಲ್ಮನ್‌ಗೇ ಹತ್ತಿರದ ನೆಂಟ. ಅದಕ್ಕೇ 1989ರಲ್ಲಿ ಇದನ್ನೂ ರೇನ್‌ಬೋ ಟ್ರೌಟನ್ನೂ ಸಾಲ್ಮನ್‌ಗಳ ಗುಂಪಿಗೆ ಸೇರಿಸಿದರು. ಟ್ರೌಟ್ ಬೇರೆ, ಸಾಲ್ಮನ್ ಬೇರೆ ಎಂಬುದು ಮುಖ್ಯವಾಗಿ ಆಡುಮಾತಿನ ವಿಂಗಡಣೆ ಎಂದುಕೊಂಡರೆ ತಪ್ಪಿಲ್ಲ.

ಹೊಳೆಯಲ್ಲಿ ಹುಟ್ಟಿದ ಮೀನು ಉಪ್ಪುನೀರಿಗೇಕೆ ಇಳಿಯುತ್ತದೆ?

ಹೊಟ್ಟೆಪಾಡಿಗಾಗಿ. ಆ ಭಾಗದ ತೊರೆಗಳ ನೀರು ತಣ್ಣಗೆ, ತಿಳಿಯಾಗಿ ಇರುತ್ತದೆ. ಮೊಟ್ಟೆಗೂ ಮರಿಗೂ ಒಳ್ಳೆಯ ತೊಟ್ಟಿಲು, ಆದರೆ ಅಲ್ಲಿ ತಿನ್ನಲು ಹೆಚ್ಚೇನೂ ಸಿಗುವುದಿಲ್ಲ. ಕಡಲಿನಲ್ಲಿ ಊಟ ಸಮೃದ್ಧ, ಅಪಾಯವೂ ಅಷ್ಟೇ. ಹೀಗಾಗಿ ಹುಟ್ಟುವುದು ಹೊಳೆಯಲ್ಲಿ, ಮೈ ತುಂಬಿಕೊಳ್ಳುವುದು ಕಡಲಲ್ಲಿ, ಮೊಟ್ಟೆಯಿಡಲು ಮತ್ತೆ ಹೊಳೆಗೆ.

ಕೇಳಲು ಸುಲಭ. ಮೀನಿನ ಮೈಗೆ ಮಾತ್ರ ಇದು ದೊಡ್ಡ ಗಂಡಾಂತರ. ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಾಕಿದರೆ ನೀರು ಬಿಡುತ್ತದಲ್ಲ, ಉಪ್ಪುನೀರಿನಲ್ಲಿರುವ ಮೀನಿನ ಪಾಡೂ ಅದೇ: ಮೈಯೊಳಗಿನ ನೀರು ಹೊರಕ್ಕೆ ಜಾರುತ್ತಲೇ ಇರುತ್ತದೆ. ಸಿಹಿನೀರಿನಲ್ಲಿ ಇದರ ತಿರುವು ಮುರುವು. ಹೊರಗಿನ ನೀರು ಒಳಕ್ಕೆ ನುಗ್ಗುತ್ತದೆ. ಆದ್ದರಿಂದ ಹೊಳೆಯಲ್ಲಿರುವ ಮೀನು ನೀರು ಕುಡಿಯುವುದೇ ಇಲ್ಲವೆನ್ನುವಷ್ಟು ಕಡಿಮೆ, ಮೂತ್ರ ಮಾತ್ರ ಧಾರಾಳ. ಕಡಲಿಗೆ ಇಳಿದ ಮೇಲೆ ಅದೇ ಮೀನು ಉಪ್ಪುನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳಲ್ಲಿರುವ ವಿಶೇಷ ಜೀವಕೋಶಗಳ ಮೂಲಕ ಹೊರಹಾಕಬೇಕು. ಕಡಲಿಗಿಳಿಯುವ ಮುನ್ನ ಮರಿಯ ಮೈಯಲ್ಲಿ ಈ ಏರ್ಪಾಟು ಸಿದ್ಧವಾಗುತ್ತದೆ. ಆಗ ಅದರ ಮೈಮೇಲಿನ ಕಪ್ಪು ಪಟ್ಟಿಗಳು ಅಳಿಸಿ ಬೆಳ್ಳಿಯ ಬಣ್ಣ ಬರುತ್ತದೆ.

ಮರಳುವ ದಾರಿ ಹೇಗೆ ಗೊತ್ತಾಗುತ್ತದೆ? ಹೊಳೆಯ ಹತ್ತಿರಕ್ಕೆ ಬಂದ ಮೇಲೆ ಮೂಗೇ ದಾರಿಕಾರ. ಪ್ರತಿ ತೊರೆಯ ಮಣ್ಣಿಗೂ ಗಿಡಮರಗಳಿಗೂ ತಕ್ಕಂತೆ ನೀರಿಗೆ ತನ್ನದೇ ವಾಸನೆ ಇರುತ್ತದೆ, ಮರಿಯಾಗಿದ್ದಾಗ ಮೀನು ಅದನ್ನು ನೆನಪಿಟ್ಟುಕೊಳ್ಳುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹ್ಯಾಸ್ಲರ್ ಮತ್ತು ವಾರನ್ ವಿಸ್ಬಿ 1951ರಲ್ಲಿ ಮುಂದಿಟ್ಟ ಈ ವಿವರಣೆ ಮುಂದಿನ ಪ್ರಯೋಗಗಳಲ್ಲಿ ಗಟ್ಟಿಯಾಯಿತು.

ಇಲ್ಲೊಂದು ದೊಡ್ಡ ವ್ಯತ್ಯಾಸವಿದೆ. ಪೆಸಿಫಿಕ್ ಸಾಲ್ಮನ್ ಒಮ್ಮೆ ಮೊಟ್ಟೆಯಿಟ್ಟರೆ ಮುಗಿಯಿತು, ಸಾಯುತ್ತದೆ. ಕಟ್‌ಥ್ರೋಟ್ ಹಾಗಲ್ಲ, ಮೊಟ್ಟೆಯಿಟ್ಟು ಮತ್ತೆ ಕಡಲಿಗಿಳಿಯುತ್ತದೆ, ಬದುಕುಳಿದರೆ ಇನ್ನೊಂದು ವರ್ಷ ಮತ್ತೆ ಹೊಳೆಗೆ ಏರುತ್ತದೆ. ಇನ್ನೊಂದು ಮಾತೆಂದರೆ, ಸಾಲ್ಮನ್‌ಗಳಂತೆ ಇದು ಸಾಗರದ ನಡುವಿಗೆ ಅಲೆಯಲು ಹೋಗುವುದಿಲ್ಲ. ತನ್ನ ತೊರೆಯ ಅಳಿವೆಯ ಆಸುಪಾಸಿನಲ್ಲೇ, ದಂಡೆಗೆ ಅಂಟಿಕೊಂಡೇ ತಿರುಗುತ್ತದೆ. ಈ ಗಾಳದ ಗುಟ್ಟೆಲ್ಲ ಇದರಲ್ಲೇ ಇದೆ.

ಮೀನು ದೂರದಲ್ಲಿಲ್ಲ

ಹೊಸಬರು ಮಾಡುವ ತಪ್ಪು ಒಂದೇ. ಕಡಲು ದೊಡ್ಡದು, ಮೀನು ದೂರದಲ್ಲಿರಬೇಕು ಎಂದುಕೊಂಡು ಸೊಂಟದವರೆಗೆ ನೀರಿಗಿಳಿದು, ಶಕ್ತಿಯೆಲ್ಲ ಹಾಕಿ ಆಚೆಗೆ ಎಸೆಯುತ್ತಾರೆ. ಮೀನು ಅವರ ಬೆನ್ನ ಹಿಂದೆ ಈಜುತ್ತಿರುತ್ತದೆ.

ಕಾರಣ ಸರಳ. ಕಟ್‌ಥ್ರೋಟ್ ತಿನ್ನುವ ಸಣ್ಣ ಮೀನು, ಸಿಗಡಿ, ಹುಳ ಎಲ್ಲವೂ ಅಂಚಿನಲ್ಲೇ ಇರುತ್ತವೆ. ಆಳದಲ್ಲಿ ದೊಡ್ಡ ಮೀನುಗಳ, ಸೀಲ್‌ಗಳ ಕಾಟ. ಆದ್ದರಿಂದ ಚಿಕ್ಕವು ತೆಳುನೀರಿಗೆ ಸರಿಯುತ್ತವೆ, ಅವುಗಳ ಹಿಂದೆ ಟ್ರೌಟ್ ಬರುತ್ತದೆ. ಮೊಣಕಾಲುದ್ದ ನೀರಿನಲ್ಲೇ ಮೀನು ಗಾಳ ಕಚ್ಚುವುದು ಅಪರೂಪವಲ್ಲ. ಅನುಭವಸ್ಥರು ಹಾಗಾಗಿ ಪಾದ ನೆನೆಯುವ ಮೊದಲೇ, ಒಣ ಕಲ್ಲಿನ ಮೇಲೆ ನಿಂತು, ದಂಡೆಗೆ ಓರೆಯಾಗಿ ಮೊದಲ ಎಸೆತ ಹಾಕುತ್ತಾರೆ.

ದಂಡೆ ಎಂದರೆ ಎಲ್ಲ ದಂಡೆಯೂ ಅಲ್ಲ. ಬರಿ ಮರಳು ಅಥವಾ ಕೆಸರಿಗಿಂತ ಕೋಳಿಮೊಟ್ಟೆ ಗಾತ್ರದಿಂದ ತೆಂಗಿನಕಾಯಿ ಗಾತ್ರದವರೆಗಿನ ಕಲ್ಲುಗಳು ಹರಡಿದ ಜಾಗ ಒಳ್ಳೆಯದು, ಏಕೆಂದರೆ ಸಂದಿಗಳಲ್ಲಿ ಜೀವಜಂತು ಹೆಚ್ಚು. ತೊರೆ ಬಂದು ಸೇರುವ ಬಾಯಿ, ಸಿಂಪಿಗಳು ಹಾಸಿಕೊಂಡ ತಳ, ಈಲ್‌ಗ್ರಾಸ್ ಎಂಬ ಕಡಲಹುಲ್ಲಿನ ಅಂಚು, ನೀರಿನೊಳಕ್ಕೆ ಚಾಚಿದ ನೆಲದ ಮೂಗು ಇವೂ ಸರಿ. ಮೂಗಿನಂಥ ಚಾಚು ಇದ್ದಲ್ಲಿ ಸೆಳೆತ ತಿರುಗಿ ಸುಳಿಯಾಗುತ್ತದೆ, ತೇಲಿಬಂದ ಆಹಾರ ಅಲ್ಲಿ ಗುಡ್ಡೆಯಾಗುತ್ತದೆ. ಪಾಯಿಂಟ್ ನೋ ಪಾಯಿಂಟ್, ವಿಡ್‌ಬೀ ದ್ವೀಪದ ಬುಶ್ ಪಾಯಿಂಟ್, ಸಿಯಾಟಲ್‌ನ ಲಿಂಕನ್ ಪಾರ್ಕ್ ಮುಂತಾದ ಹೆಸರಾದ ಗಾಳದ ಜಾಗಗಳು ಇಂಥ ಚಾಚುಗಳೇ. ಹೊಳೆಗೆ ಹೊರಟ ಸಾಲ್ಮನ್ ಹಿಂಡು ದಂಡೆಯಗುಂಟ ಈಜುವಾಗ ಈ ಮೂಗುಗಳನ್ನು ಬಳಸಿಕೊಂಡೇ ಸಾಗಬೇಕು.

ಕಡಲಲ್ಲೂ ಹೊಳೆ ಹರಿಯುತ್ತದೆ

ಚಂದ್ರ ಮತ್ತು ಸೂರ್ಯರ ಸೆಳೆತಕ್ಕೆ ಕಡಲು ಏರಿಳಿಯುವುದು ಉಬ್ಬರವಿಳಿತ ಎಂದು ಶಾಲೆಯಲ್ಲಿ ಓದಿದ್ದೇವೆ. ಗಾಳ ಹಾಕುವವರಿಗೆ ಮುಖ್ಯವಾದದ್ದು ನೀರು ಎಷ್ಟು ಏರಿತು ಎಂಬುದಕ್ಕಿಂತ, ಏರಲು ಇಳಿಯಲು ನೀರು ಎಷ್ಟು ರಭಸವಾಗಿ ಹರಿಯಬೇಕಾಯಿತು ಎಂಬುದು. ಪ್ಯುಜೆಟ್ ಸೌಂಡ್ ಒಂದು ಉದ್ದನೆಯ ಕಿರಿದಾದ ಚೀಲ. ಸಾಗರದ ನೀರು ಅದರ ಬಾಯಿಯಿಂದ ಒಳನುಗ್ಗಿ ಮತ್ತೆ ಅದೇ ಬಾಯಿಂದ ಹೊರಬರಬೇಕು. ಸಿಯಾಟಲ್‌ನಲ್ಲಿ ದಿನದ ಹೆಚ್ಚಿನ ಉಬ್ಬರಕ್ಕೂ ತಗ್ಗಿನ ಇಳಿತಕ್ಕೂ ಸರಾಸರಿ ಸುಮಾರು 3.5 ಮೀಟರ್ ಅಂತರ. ಚೀಲದ ತಳದಲ್ಲಿರುವ ಒಲಿಂಪಿಯಾದಲ್ಲಿ ಅದು 4 ಮೀಟರ್ ದಾಟುತ್ತದೆ. ನಡುವೆ ಟಕೋಮಾ ನ್ಯಾರೋಸ್ ಎಂಬ ಇಕ್ಕಟ್ಟಿನಲ್ಲಿ ಸೆಳೆತ ಗಂಟೆಗೆ 8 ಕಿ.ಮೀ. ಮೀರುವುದುಂಟು. ಅದು ಕಡಲಲ್ಲ, ಆರು ಗಂಟೆಗೊಮ್ಮೆ ದಿಕ್ಕು ಬದಲಿಸುವ ಹೊಳೆ.

ಹೊಳೆಯಲ್ಲಿ ಟ್ರೌಟ್ ಹೇಗೆ ಕಲ್ಲಿನ ಮರೆಯಲ್ಲಿ ನಿಂತು ತೇಲಿಬರುವ ಊಟಕ್ಕೆ ಕಾಯುತ್ತದೋ ಇಲ್ಲಿಯೂ ಹಾಗೆಯೇ. ನೀರು ನಿಂತಾಗ ಊಟದ ಸರಬರಾಜೂ ನಿಲ್ಲುತ್ತದೆ. ಹರಿವು ಶುರುವಾದರೆ ಮೀನು ಚುರುಕಾಗುತ್ತದೆ.

ಹರಿವು ಯಾವಾಗ ಜೋರು? ಇದಕ್ಕೆ ನಾವಿಕರದೊಂದು ಹಳೆಯ ಲೆಕ್ಕವಿದೆ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ಏರುವ ನೀರನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕರಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಅಂದರೆ ಅರ್ಧದಷ್ಟು ನೀರು ನಡುವಿನ ಎರಡೇ ಗಂಟೆಯಲ್ಲಿ ಬರುತ್ತದೆ. ಇದು ಅಂದಾಜಿನ ಲೆಕ್ಕ. ಪ್ಯುಜೆಟ್ ಸೌಂಡ್‌ನಲ್ಲಿ ದಿನದ ಎರಡು ಉಬ್ಬರಗಳೂ ಒಂದೇ ಎತ್ತರದವಲ್ಲ, ಎರಡು ಇಳಿತಗಳೂ ಸಮವಲ್ಲ. ಒಂದು ಸರದಿಯಲ್ಲಿ ನೀರು ಭೋರೆಂದು ಓಡಿದರೆ ಮುಂದಿನದರಲ್ಲಿ ಮಿಸುಕಾಡುವುದೇ ಇಲ್ಲ. ಹೀಗಾಗಿ ಗಡಿಯಾರಕ್ಕಿಂತ ಉಬ್ಬರವಿಳಿತದ ಪಟ್ಟಿಯೇ ಬೇಕು. ಚಂದ್ರನ ದಿನ 24 ಗಂಟೆ 50 ನಿಮಿಷದ್ದಾದ್ದರಿಂದ ನಿನ್ನೆ ಮೀನು ಸಿಕ್ಕ ಹೊತ್ತು ಇವತ್ತು ಸುಮಾರು 50 ನಿಮಿಷ ಮುಂದೆ ಹೋಗಿರುತ್ತದೆ.

ತೂಕವಿಲ್ಲದ್ದನ್ನು ದೂರ ಎಸೆಯುವ ಉಪಾಯ

ಈಗ ಕೋಲಿಗೆ ಬರೋಣ. ಸಾಮಾನ್ಯ ಗಾಳದಲ್ಲಿ ತುದಿಗೆ ಸೀಸದ ಗುಂಡೋ ಲೋಹದ ತುಂಡೋ ಇರುತ್ತದೆ. ಅದನ್ನು ಎಸೆದರೆ ಅದರ ಹಿಂದೆ ದಾರ ಓಡುತ್ತದೆ, ಕವಣೆಕಲ್ಲಿಗೆ ನೂಲು ಕಟ್ಟಿದಂತೆ. ಫ್ಲೈ ಗಾಳದ ತುದಿಯಲ್ಲಿರುವುದು ಕೂದಲು, ನೂಲು, ಮಿನುಗುಪಟ್ಟಿ ಸುತ್ತಿದ ಕೊಕ್ಕೆ. ಅದಕ್ಕೆ ತೂಕವೇ ಇಲ್ಲವೆನ್ನಬಹುದು, ಹಕ್ಕಿಯ ಗರಿ ಎಸೆದರೆ ಎಷ್ಟು ದೂರ ಹೋದೀತು? ಆದ್ದರಿಂದ ಇಲ್ಲಿ ತೂಕವನ್ನು ದಾರಕ್ಕೇ ಕೊಟ್ಟಿದ್ದಾರೆ. ಪ್ಲಾಸ್ಟಿಕ್ ಹೊದಿಕೆಯ ದಪ್ಪ ದಾರವನ್ನು ಹಿಂದಕ್ಕೆ ಬೀಸಿ, ಅದು ಗಾಳಿಯಲ್ಲಿ ನೆಟ್ಟಗಾಗುವವರೆಗೆ ಕಾದು, ಮುಂದಕ್ಕೆ ಬೀಸಿದರೆ ಬಾರುಕೋಲಿನ ತುದಿ ಬಿಚ್ಚಿಕೊಳ್ಳುವ ಹಾಗೆ ದಾರ ಬಿಚ್ಚಿಕೊಂಡು ಕೊಕ್ಕೆಯನ್ನು ಒಯ್ಯುತ್ತದೆ. ತೋಳ್ಬಲಕ್ಕಿಂತ ಆ ಕ್ಷಣಕಾಲದ ಕಾಯುವಿಕೆ ಮುಖ್ಯ. ಕಲಿಯುವವರು ಸೋಲುವುದು ಅಲ್ಲಿಯೇ.

ಕೋಲು, ದಾರಗಳಿಗೆ ಅಂಕಿಗಳಿರುತ್ತವೆ. ಈ ದಂಡೆಗಳಲ್ಲಿ ಹೆಚ್ಚಾಗಿ ಬಳಸುವುದು 9 ಅಡಿಯ ‘6 ವೆಯ್ಟ್’. ಆರು ಎಂದರೆ ಕೋಲಿನ ತೂಕವಲ್ಲ. ದಾರದ ಮೊದಲ 30 ಅಡಿ ತೂಗಿದರೆ 160 ಗ್ರೇನ್, ಅಂದರೆ ಹತ್ತು ಗ್ರಾಂಗಿಂತ ತುಸು ಹೆಚ್ಚು ಬರುತ್ತದೆ ಎಂದರ್ಥ. ದೊಡ್ಡ ಸಾಲ್ಮನ್‌ಗೆ 7 ಅಥವಾ 8. ದಾರದಲ್ಲಿ ತೇಲುವುದೂ ಇದೆ, ನಿಧಾನ ಮುಳುಗುವುದೂ ಇದೆ. ಮೇಲೆ ಅಲೆಯ ಕುಲುಕಾಟ ಇರುವುದರಿಂದ, ಸೆಕೆಂಡಿಗೆ ಒಂದೆರಡು ಅಂಗುಲ ಇಳಿಯುವ ‘ಇಂಟರ್ಮೀಡಿಯೆಟ್’ ದಾರವನ್ನು ಹಲವರು ಬಯಸುತ್ತಾರೆ. ದಪ್ಪ ದಾರದ ತುದಿಗೂ ಕೊಕ್ಕೆಗೂ ನಡುವೆ, ಮೀನಿನ ಕಣ್ಣಿಗೆ ಬೀಳದಂತೆ, ಒಂಬತ್ತು ಅಡಿಯಷ್ಟು ಪಾರದರ್ಶಕ ಎಳೆ ಇರುತ್ತದೆ, ಇದು ಲೀಡರ್.

ಸೊಂಟಕ್ಕೆ ಕಟ್ಟಿಕೊಂಡ ಬುಟ್ಟಿ ನೋಡಿ ಅನೇಕರು ಮೀನು ತುಂಬಿಕೊಳ್ಳಲು ಎಂದುಕೊಳ್ಳುತ್ತಾರೆ. ಅದು ದಾರಕ್ಕೆ. ಎಳೆದ ದಾರ ಕಾಲಬುಡದ ನೀರಿಗೆ ಬಿದ್ದರೆ ಅಲೆ ಅದನ್ನು ಪಾಚಿಯೊಂದಿಗೆ ಹೆಣೆದುಬಿಡುತ್ತದೆ.

ಫ್ಲೈ ಎಂದರೆ ನೊಣ. ಹೊಳೆಗಳಲ್ಲಿ ನೀರಹುಳುಗಳನ್ನು ಹೋಲುವ ಕೊಕ್ಕೆ ಕಟ್ಟುತ್ತಿದ್ದುದರಿಂದ ಆ ಹೆಸರು ಬಂತು. ಕಡಲಿನ ಫ್ಲೈಗೂ ನೊಣಕ್ಕೂ ಯಾವ ಹೋಲಿಕೆಯೂ ಇಲ್ಲ; ಇಲ್ಲಿ ಕಟ್ಟುವುದು ಸಣ್ಣ ಮೀನಿನ, ಸಿಗಡಿಯ ಅಣಕು. ಹೆಚ್ಚು ಹೆಸರಾದದ್ದು ಕ್ಲೌಸರ್ ಮಿನ್ನೋ. ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಹೊಳೆಯ ಬಾಸ್ ಮೀನಿಗೆಂದು ಕಟ್ಟಿದ್ದು ಕಡಲಿಗೂ ಒಗ್ಗಿಹೋಯಿತು. ಜಿಂಕೆಬಾಲದ ಕೂದಲಿನ ಮೈಗೆ ಲೋಹದ ಜೋಡಿಕಣ್ಣು. ಆ ಕಣ್ಣಿನ ಭಾರಕ್ಕೆ ಕೊಕ್ಕೆ ಮಗುಚಿಕೊಂಡು ಮೊನೆ ಮೇಲಾಗುತ್ತದೆ, ತಳದ ಕಲ್ಲಿಗೆ ಸಿಕ್ಕುವುದು ಕಡಿಮೆ. ಎಳೆದಾಗ ಮುಂದೆ ಚಿಮ್ಮಿ, ಬಿಟ್ಟಾಗ ತಲೆ ಕೆಳಗಾಗಿ ಇಳಿಯುತ್ತದೆ. ಗಾಯಗೊಂಡ ಮೀನೂ ಹಾಗೆಯೇ ಈಜುತ್ತದೆ.

ಯಾವ ಮೀನು, ಯಾವಾಗ?

ಈಗ ಬೆಸ ವರ್ಷದ ಒಗಟು. ಪಿಂಕ್ ಸಾಲ್ಮನ್‌ನ ಆಯುಸ್ಸು ಕರಾರುವಾಕ್ಕಾಗಿ ಎರಡು ವರ್ಷ. ಬೆಸ ವರ್ಷದ ಶರತ್ಕಾಲದಲ್ಲಿ ಇಟ್ಟ ಮೊಟ್ಟೆಯಿಂದ ಮುಂದಿನ ವಸಂತದಲ್ಲಿ ಮರಿ ಕಡಲಿಗಿಳಿದು, ಅದರ ಮುಂದಿನ ಬೆಸ ವರ್ಷ ತಾಯಾಗಿ ಮರಳುತ್ತದೆ. ಸಮ ವರ್ಷದ ಮೀನಿಗೂ ಬೆಸ ವರ್ಷದ ಮೀನಿಗೂ ಬೆರಕೆಯೇ ಆಗುವುದಿಲ್ಲ, ಒಂದೇ ಊರಿನ ಎರಡು ಪಾಳಿಗಳಂತೆ. ಪ್ಯುಜೆಟ್ ಸೌಂಡ್‌ನಲ್ಲಿ ಬಲವಾಗಿರುವುದು ಬೆಸ ಪಾಳಿ. ಲಕ್ಷಗಟ್ಟಲೆ ಮೀನು ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ದಂಡೆಗುಂಟ ಸಾಗುತ್ತದೆ. ಇದಕ್ಕೆ ಸಣ್ಣ ಗುಲಾಬಿ ಬಣ್ಣದ ಫ್ಲೈ, ನಿಧಾನದ ಎಳೆತ.

ಕೊಹೊ ಸಾಲ್ಮನ್ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬರುತ್ತದೆ. ಇದರ ಸ್ವಭಾವವೇ ಬೇರೆ, ಓಡುವುದನ್ನು ಅಟ್ಟುವ ಮೀನು. ದಾರವನ್ನು ಸರಸರನೆ ಎಳೆಯಬೇಕು. ಮೀನು ಹಿಂಬಾಲಿಸಿ ಬರುತ್ತಿರುವುದು ಕಂಡಾಗ ಕೈ ನಿಂತುಹೋದರೆ ಅದು ತಿರುಗಿ ಹೋಗುತ್ತದೆ. ಶರತ್ಕಾಲ ಮುಗಿಯುತ್ತಿದ್ದಂತೆ ಚಮ್ ಸಾಲ್ಮನ್ ಸರದಿ.

ಚಮ್ ಮರಿಗಳು ಮಾರ್ಚ್-ಏಪ್ರಿಲ್ ಹೊತ್ತಿಗೆ, ನಾಲ್ಕು ಸೆಂ.ಮೀ. ಉದ್ದವಿರುವಾಗಲೇ, ತೊರೆಗಳಿಂದ ಕಡಲಿಗೆ ಹರಿದುಬರುತ್ತವೆ. ಕಟ್‌ಥ್ರೋಟ್‌ಗೆ ಅದೇ ಸುಗ್ಗಿ. ಕಟ್‌ಥ್ರೋಟ್ ಬಹುಪಾಲು 30-40 ಸೆಂ.ಮೀ. ಇರುತ್ತದೆ, 50 ದಾಟಿದರೆ ಊರೆಲ್ಲ ಸುದ್ದಿ. ಸೌಂಡ್‌ನ ದಕ್ಷಿಣ ಭಾಗದಲ್ಲಿ ಇದು ವರ್ಷವಿಡೀ ಸಿಗುತ್ತದೆ. ಎಲ್ಲವೂ ಒಂದೇ ಹೊತ್ತಿಗೆ ಹೊಳೆಗೆ ಹೋಗುವುದಿಲ್ಲವಲ್ಲ.

ಇಟ್ಟುಕೊಳ್ಳಬಹುದೇ?

ಕಟ್‌ಥ್ರೋಟ್ ಆದರೆ ಇಲ್ಲ. ಪ್ಯುಜೆಟ್ ಸೌಂಡ್‌ನ ಕಡಲನೀರಿನಲ್ಲಿ ಹಿಡಿದದ್ದನ್ನು ಬಿಟ್ಟುಬಿಡಬೇಕು. ಸಾಲ್ಮನ್ ಆದರೆ ಜಾತಿ, ತಿಂಗಳು, ಜಾಗ ನೋಡಿ ನಿಯಮ. ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆ ಕಡಲನ್ನು ಸಂಖ್ಯೆ ಹಾಕಿದ ವಲಯಗಳಾಗಿ ವಿಂಗಡಿಸಿದೆ. ಟಕೋಮಾ ನ್ಯಾರೋಸ್‌ನ ದಕ್ಷಿಣಕ್ಕೆ 13ನೆಯ ವಲಯ, ಸಿಯಾಟಲ್ ಮುಂದಿನದು 10. ಪರವಾನಗಿಯ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಸಾಲ್ಮನ್ ಗಾಳದ ಕೊಕ್ಕೆಗೆ ಹಿಂಮುಳ್ಳು ಇರಕೂಡದು. ಋತುವಿನ ನಡುವೆಯೂ ನಿಯಮ ಬದಲಾಗುವುದರಿಂದ ಹೊರಡುವ ದಿನ ನೋಡಿಕೊಳ್ಳುವುದೇ ಸರಿ.

ಬೆನ್ನಿನ ಮೇಲೆ, ಬಾಲದ ಹತ್ತಿರ ಒಂದು ಪುಟ್ಟ ಮೆತ್ತನೆಯ ರೆಕ್ಕೆಯಿರುತ್ತದೆ. ಮರಿ ಸಾಕಣೆ ಕೇಂದ್ರಗಳಲ್ಲಿ ಬೆಳೆಸಿ ಬಿಟ್ಟ ಸಾಲ್ಮನ್‌ಗೆ ಅದನ್ನು ಕತ್ತರಿಸಿರುತ್ತಾರೆ. ರೆಕ್ಕೆ ಇಲ್ಲದಿದ್ದರೆ ಸಾಕಿದ್ದು, ಇದ್ದರೆ ಕಾಡುತಳಿ ಎಂದು ದಂಡೆಯಲ್ಲೇ ಗುರುತಿಸಬಹುದು. ಅನೇಕ ಕಡೆ ಕಾಡಿನದನ್ನು ಬಿಡಬೇಕು. ಪ್ಯುಜೆಟ್ ಸೌಂಡ್‌ನ ಚಿನೂಕ್ ಸಾಲ್ಮನ್ 1999ರಿಂದ, ಸ್ಟೀಲ್‌ಹೆಡ್ ಟ್ರೌಟ್ 2007ರಿಂದ ಅಪಾಯದಲ್ಲಿರುವ ಜೀವಿಗಳ ಕಾನೂನಿನಡಿ ರಕ್ಷಣೆಯಲ್ಲಿವೆ.

ಈ ನಿಯಮಗಳನ್ನು ರಾಜ್ಯವೊಂದೇ ಬರೆಯುವುದಿಲ್ಲ. 1854-55ರ ಒಪ್ಪಂದಗಳಲ್ಲಿ ಇಲ್ಲಿನ ಮೂಲನಿವಾಸಿ ಬುಡಕಟ್ಟುಗಳು ಭೂಮಿ ಬಿಟ್ಟುಕೊಟ್ಟರೂ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದವು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಕೊಟ್ಟ ತೀರ್ಪು, ಹಿಡಿಯಬಹುದಾದ ಸಾಲ್ಮನ್‌ನಲ್ಲಿ ಅರ್ಧದವರೆಗೆ ಅವರ ಪಾಲು ಎಂದಿತು. ಅಂದಿನಿಂದ ರಾಜ್ಯವೂ ಬುಡಕಟ್ಟುಗಳೂ ಸೇರಿ ನಿರ್ವಹಣೆ ಮಾಡುತ್ತವೆ. ಪ್ರತಿ ವಸಂತದಲ್ಲಿ ಕೂತು ಆ ವರ್ಷದ ಋತುವನ್ನು ಗೊತ್ತುಮಾಡುತ್ತವೆ.

ದಂಡೆಯ ಮೇಲೆ ನಿಲ್ಲುವುದಕ್ಕೂ ಲೆಕ್ಕವಿದೆ. ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ತೆರೆದುಕೊಳ್ಳುವ ನೆಲವನ್ನು ವಾಷಿಂಗ್ಟನ್ ರಾಜ್ಯ 1889ರಿಂದ 1971ರವರೆಗೆ ಖಾಸಗಿಯವರಿಗೆ ಮಾರುತ್ತಿತ್ತು. ಹಾಗಾಗಿ ಅರ್ಧಕ್ಕಿಂತ ಹೆಚ್ಚು ದಂಡೆ ಯಾರದೋ ಸ್ವತ್ತು. ಸಾರ್ವಜನಿಕ ಜಾಗ ಎಲ್ಲಿಂದ ಎಲ್ಲಿವರೆಗೆ ಎಂದು ಮೊದಲು ತಿಳಿಯಬೇಕು.

ಬಿಡುವ ಮೀನನ್ನು ನೀರಿನಿಂದ ಎತ್ತದೆ, ಒದ್ದೆ ಕೈಯಲ್ಲೇ ಕೊಕ್ಕೆ ಬಿಡಿಸಬೇಕು. ಒಣ ಕೈ ತಗುಲಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ರೋಗದ ವಿರುದ್ಧ ಮೀನಿಗಿರುವ ಕವಚ ಅದು.

ಗೋಡೆ ಮತ್ತು ಟೈರು

ಕಟ್‌ಥ್ರೋಟ್‌ಗೂ ಕೊಹೊಗೂ ಮುಖ್ಯ ಆಹಾರವಾದ ಎರಡು ಸಣ್ಣ ಮೀನುಗಳು, ಸ್ಯಾಂಡ್ ಲ್ಯಾನ್ಸ್ ಮತ್ತು ಸರ್ಫ್ ಸ್ಮೆಲ್ಟ್, ಮೊಟ್ಟೆಯಿಡುವುದು ನೀರಿನ ಆಳದಲ್ಲಲ್ಲ. ಉಬ್ಬರದ ನೀರು ಮುಟ್ಟುವ ಮೇಲಿನ ಅಂಚಿನ ಮರಳು-ಜಲ್ಲಿಯಲ್ಲಿ. ಸಾಸಿವೆಗಿಂತ ಚಿಕ್ಕ ಮೊಟ್ಟೆಗಳು ಮರಳಿನ ಹರಳಿಗೆ ಅಂಟಿಕೊಂಡಿರುತ್ತವೆ. ನಾವು ಚಪ್ಪಲಿ ಬಿಡುವ ಜಾಗವೇ ಅದು. ದಂಡೆಗೆ ಬಾಗಿದ ಮರದ ನೆರಳು ಬೇಸಿಗೆಯಲ್ಲಿ ಅವು ಒಣಗದಂತೆ ಕಾಯುತ್ತದೆ.

ಮನೆ ಕುಸಿಯದಿರಲೆಂದು ದಂಡೆಗೆ ಕಲ್ಲು, ಕಾಂಕ್ರೀಟಿನ ಗೋಡೆ ಕಟ್ಟಿದರೆ ಈ ಅಂಚು ಗೋಡೆಯ ಕೆಳಗೆ ಹೂತುಹೋಗುತ್ತದೆ. ಜೊತೆಗೆ ಮೇಲಿನ ದಿಬ್ಬದಿಂದ ಕುಸಿದು ಬೀಳುತ್ತಿದ್ದ ಮರಳು ದಂಡೆಗೆ ಬರುವುದು ನಿಲ್ಲುತ್ತದೆ, ಅಲೆ ಇರುವುದನ್ನೂ ಒಯ್ದು ದೊಡ್ಡ ಕಲ್ಲಷ್ಟೇ ಉಳಿಯುತ್ತದೆ. ಪ್ಯುಜೆಟ್ ಸೌಂಡ್‌ನ ದಂಡೆಯಲ್ಲಿ ಕಾಲುಭಾಗಕ್ಕೂ ಹೆಚ್ಚು ಕಡೆ ಇಂಥ ಗೋಡೆಗಳಿವೆ. ಇತ್ತೀಚೆಗೆ ಕೆಲವೆಡೆ ಅವನ್ನು ಕಿತ್ತು ಮರಳು ಮರಳುವಂತೆ ಮಾಡುತ್ತಿದ್ದಾರೆ.

ಇನ್ನೊಂದು ಕಾಟ ರಸ್ತೆಯಿಂದ ಬಂದದ್ದು. ನಗರದ ತೊರೆಗಳಿಗೆ ಮರಳಿದ ಕೊಹೊ, ಮಳೆ ಬಿದ್ದ ಕೂಡಲೇ ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದವು. ಏಕೆಂದು ವರ್ಷಗಟ್ಟಲೆ ತಿಳಿಯಲಿಲ್ಲ. 2020ರಲ್ಲಿ ಕಾರಣ ಗೊತ್ತಾಯಿತು: ಟೈರಿನ ರಬ್ಬರು ಬಿರಿಯದಂತೆ ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಗಾಳಿಯಲ್ಲಿನ ಓಝೋನ್ ಜೊತೆ ಸೇರಿ 6ಪಿಪಿಡಿ-ಕ್ವಿನೋನ್ ಎಂಬ ವಿಷವಾಗುತ್ತದೆ. ಸವೆದ ಟೈರಿನ ಪುಡಿಯಿಂದ ಅದು ಮಳೆನೀರಿನೊಡನೆ ತೊರೆಗೆ ಸೇರುತ್ತದೆ. ಅದೇ ನೀರಿನಲ್ಲಿ ಚಮ್ ಸಾಲ್ಮನ್‌ಗೆ ಏನೂ ಆಗುವುದಿಲ್ಲ. ರಸ್ತೆಯ ನೀರನ್ನು ಮರಳು, ಗೊಬ್ಬರ ಬೆರೆಸಿದ ಮಣ್ಣಿನ ಪದರದಲ್ಲಿ ಸೋಸಿ ಬಿಟ್ಟಾಗ ಕೊಹೊಗಳೂ ಬದುಕುಳಿದದ್ದು ಪ್ರಯೋಗಗಳಲ್ಲಿ ಕಂಡಿದೆ.

ಮೊದಲ ದಿನ ಕೋಲು ಬೇಡ

ಕಲಿಯಬೇಕೆನ್ನುವವರು ಮೊದಲು ಕೋಲಿಲ್ಲದೆ, ದೊಡ್ಡ ಇಳಿತದ ಹೊತ್ತಿಗೆ ಹೋಗುವುದು ಒಳ್ಳೆಯದು. ಆಗ ನೀರು ಸರಿದು ತಳವೆಲ್ಲ ಬಯಲಾಗಿರುತ್ತದೆ. ಸಿಂಪಿಯ ಹಾಸು ಎಲ್ಲಿದೆ, ತೊರೆಯ ನೀರು ಯಾವ ಗೀರು ಮಾಡಿಕೊಂಡು ಹೋಗಿದೆ, ಯಾವ ಬಂಡೆಯ ಹಿಂದೆ ಗುಳಿಯಿದೆ, ಎಲ್ಲಿ ಕೆಸರು ಕಾಲು ಹಿಡಿಯುತ್ತದೆ ಎಲ್ಲವೂ ಕಾಣುತ್ತದೆ. ಫೋಟೊ ತೆಗೆದಿಟ್ಟುಕೊಳ್ಳಿ. ಮರಳಿನ ದಿಣ್ಣೆಯ ಮೇಲೆ ನಿಂತಾಗ ಹಿಂದಿನ ತಗ್ಗಿಗೆ ಮೊದಲು ನೀರು ತುಂಬಿಕೊಳ್ಳುತ್ತದೆ ಎಂಬುದನ್ನೂ ಗಮನಿಸಿ. ತಣ್ಣೀರಿನಲ್ಲಿ ಸಿಕ್ಕಿಬೀಳುವವರು ಹೆಚ್ಚಾಗಿ ಇದನ್ನು ಮರೆತವರು. ಆಮೇಲೆ ಉಬ್ಬರ ಅರ್ಧ ಏರಿದಾಗ ಕೋಲು ಹಿಡಿದು ಬಂದರೆ, ನೀವು ಬೆಳಿಗ್ಗೆ ನಡೆದಾಡಿದ ಸಿಂಪಿಯ ಹಾಸಿನ ಮೇಲೆ ಮೊಣಕಾಲುದ್ದ ನೀರಿರುತ್ತದೆ. ಮೊದಲ ಎಸೆತ ಅಲ್ಲಿಗೆ.